ಅವ್ವ ಕರೆದ ಹೆಸರು

ಹೊಸಪೇಟೆಯ ಸುತ್ತಮುತ್ತ ಯಾರು ಸತ್ತರೂ ಪಂಪಾವತಿಗೆ ಕೆಲಸ. ಮನೆಯವರು ಅತ್ತು ಸುಮ್ಮನಾಗುವ ಮೊದಲೇ ಸತ್ತವರ ಫೋಟೋ ಮನೋಹರನ ಫ್ಲೆಕ್ಸ್ ಅಂಗಡಿಯ ಮೊಬೈಲಿಗೆ ಬಂದು ಬಿದ್ದಿರುತ್ತದೆ. ಅದನ್ನು ತಿದ್ದಿ ತೀಡಿ, ಹಿಂದೆ ಒಂದು ಗೋಪುರ ನಿಲ್ಲಿಸಿ, ಮೇಲೆ ಭಾವಪೂರ್ಣ ಶ್ರದ್ಧಾಂಜಲಿ ಎಂದು ಬರೆದು, ಕೆಳಗೆ ದುಃಖತಪ್ತ ಕುಟುಂಬದವರ ಹೆಸರು ಜೋಡಿಸುವವಳು ಅವಳು. ನಡುವೆ ಎರಡೋ ನಾಲ್ಕೋ ಸಾಲಿನ ಪದ್ಯ ಬೇಕಲ್ಲ, ಅದೂ ಅವಳದೇ. ಕಂಪ್ಲಿಯ ಬಸ್ ಸ್ಟ್ಯಾಂಡಿನಲ್ಲಿ, ಸಂಡೂರಿನ ಸರ್ಕಲ್ಲಿನಲ್ಲಿ, ಮರಿಯಮ್ಮನಹಳ್ಳಿಯ ಲಾರಿ ನಿಲ್ಲುವ ಜಾಗದಲ್ಲಿ ಜನ ಅವಳ ಪದ್ಯ ಓದಿ ಕಣ್ಣೊರೆಸಿಕೊಂಡಿದ್ದಾರೆ. ಬರೆದವರು ಯಾರು ಎಂದು ಕೇಳಿದವರಿಲ್ಲ. ಇಷ್ಟೊಂದು ಓದುಗರಿದ್ದೂ ಹೆಸರಿಲ್ಲದ ಕವಿ ಈ ಜಿಲ್ಲೆಯಲ್ಲಿ ಬೇರೆ ಇರಲಾರರು. ಇಲ್ಲಿ ಸಾಮಾನ್ಯವಾಗಿ ಅದರ ಉಲ್ಟಾ.

ಆ ಅಂಗಡಿಗೆ ಅವಳು ಮೊದಲು ಬಂದದ್ದು ಚಪ್ಪಾಳೆ ತಟ್ಟಿಕೊಂಡು. ಹದಿಮೂರು ವರ್ಷದ ಹಿಂದಿನ ಮಾತು. ಆಗ ಅವಳು ದುರ್ಗಕ್ಕನ ಮನೆಯಲ್ಲಿದ್ದಳು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಏಳು ಜನ ಅಲ್ಲಿ ಒಟ್ಟಿಗಿದ್ದರು, ದುರ್ಗಕ್ಕ ಅವರಿಗೆಲ್ಲ ಹಿರಿಯಳು. ಮಂಗಳವಾರ, ಶುಕ್ರವಾರ ಅಂಗಡಿ ಬೇಡುವುದು ಅವರ ರೂಢಿ. ಮನೋಹರನ ಅಂಗಡಿಯ ಮುಂದೆ ಬಂದು ನಿಂತವಳು ಕೈ ಚಾಚುವುದನ್ನು ಮರೆತು, ಆಗ ತಾನೆ ಮಷೀನಿನಿಂದ ಇಳಿಯುತ್ತಿದ್ದ ಬ್ಯಾನರನ್ನು ನೋಡುತ್ತ ನಿಂತುಬಿಟ್ಟಳು.

"ಅಣ್ಣಾ, ತಪ್ಪಾಗೈತಿ ನೋಡ್ರಿ," ಅಂದಳು. "ಶೃದ್ಧಾಂಜಲಿ ಅಂತ ಬರ್ದೀರಿ. ಅಲ್ಲಿ ವಟ್ರಸುಳಿ ಬರಂಗಿಲ್ಲ. ಶ್ರದ್ಧಾಂಜಲಿ."

ಮನೋಹರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಆರು ವರ್ಷದಿಂದ ಅವನು ಇಡೀ ತಾಲೂಕಿನ ಹೆಣಗಳಿಗೆ ವಟ್ರಸುಳಿ ಸುತ್ತಿಕೊಂಡು ಬಂದಿದ್ದ, ಒಬ್ಬ ಮೇಷ್ಟ್ರೂ ಬಾಯಿ ಬಿಟ್ಟಿರಲಿಲ್ಲ. "ಎಷ್ಟು ಓದೀಯಬೇ?" ಎಂದು ಕೇಳಿದ. ಪಿಯುಸಿ ಎಂದಳು. ಮರುವಾರದಿಂದ ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ಮನೋಹರ್ ದೊಡ್ಡ ಮನುಷ್ಯ ಎಂದು ನಾನು ಹೇಳಲಾರೆ, ಗಿರಾಕಿಗಳಿಗೆ ಕಾಣದ ಹಾಗೆ ಅವಳ ಕುರ್ಚಿಯನ್ನು ಹಲಗೆಯ ಮರೆಗೆ ಹಾಕಿಸಿದ. ಆದರೆ ಕುರ್ಚಿ ಕೊಟ್ಟ. ಈ ಊರಿನಲ್ಲಿ ಅಷ್ಟನ್ನೂ ಮಾಡಿದವರು ಬೇರೆ ಯಾರಿದ್ದಾರೆ?

ಅದಕ್ಕೂ ಹಿಂದಿನದು ಹೇಳುವುದು ಕಷ್ಟ, ಹೇಳದಿದ್ದರೆ ಅವಳು ಅರ್ಥವಾಗುವುದಿಲ್ಲ. ಅವಳು ಬುಕ್ಕಸಾಗರದ ಕೂಲಿಕಾರ ಸುಂಕಪ್ಪನ ಎರಡನೆಯ ಮಗ. ಇಟ್ಟ ಹೆಸರು ಪಂಪೇಶ್. ಹತ್ತೊಂಬತ್ತನೆಯ ವಯಸ್ಸಿಗೆ ನಾನು ಹೆಣ್ಣು ಎಂದು ಬಾಯಿಬಿಟ್ಟು ಹೇಳಿದಳು. ಅಪ್ಪ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ, ಅಣ್ಣ ಜಂಬಯ್ಯ ಕುರಿಯ ಉಣ್ಣೆ ತೆಗೆಯುವ ಕತ್ತರಿಯಿಂದ ಕೂದಲು ಕತ್ತರಿಸಿದ, ಎರಡು ದಿನ ಅನ್ನ ನೀರು ಇಲ್ಲ. ಮೂರನೆಯ ದಿನ ಹಗ್ಗ ಬಿಚ್ಚಿ, ಹೋಗು ಎಂದರು. ಹೋದಳು. ಅಂಗಳ ದಾಟಿ, ಬೇಲಿ ದಾಟಿ, ಕಾಲುವೆಯ ಏರಿ ಹತ್ತಿ ತಿರುಗಿ ನೋಡಿದಾಗ ಅವ್ವ ತಿಪ್ಪಕ್ಕ ಹೊಸಿಲ ಮೇಲೆ ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕರೆಯಲಿಲ್ಲ.

ಸಂಡೂರಿನ ಅದಿರು ಲಾರಿಗಳು ಇರುವೆ ಸಾಲಿನ ಹಾಗೆ ಓಡುತ್ತಿದ್ದ ವರ್ಷಗಳು ಅವು. ಅವಳು ಹೆದ್ದಾರಿಯ ಬದಿಗೆ ನಿಂತಳು. ಯಾಕೆ ನಿಂತಳು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಡ್ರೈವರ್ ರಾಡಿನಲ್ಲಿ ಹೊಡೆದ ಗುರುತು ಬೈತಲೆಯ ಎಡಕ್ಕೆ ಈಗಲೂ ಇದೆ. ಆಮೇಲೆ ದುರ್ಗಕ್ಕನ ಮನೆ ಸೇರಿದಳು. ಹೆಣ್ಣಾಗುವ ಆಪರೇಷನ್ ಆದ ಮೇಲೆ ದುರ್ಗಕ್ಕ ಯಾವ ಹೆಸರು ಬೇಕು ಎಂದು ಕೇಳಿದಳು. ಉಳಿದವರು ಸಿನಿಮಾದವರ ಹೆಸರು ಇಟ್ಟುಕೊಂಡಿದ್ದರು. ಇವಳು ಪಂಪಾವತಿ ಎಂದಳು. ಅಪ್ಪ, ಅಣ್ಣ ಅವಳನ್ನು ಪಂಪ್ಯಾ ಎನ್ನುತ್ತಿದ್ದರು. ಅವ್ವ ಒಬ್ಬಳೇ ಪಂಪಾ ಎನ್ನುತ್ತಿದ್ದಳು. ಆ ಹೆಸರಿಗೆ ಗಂಡು ಹೆಣ್ಣೆಂಬ ತಂಟೆಯಿಲ್ಲ. ಮುಂದೊಂದು ದಿನ ಅವ್ವ ಕರೆದರೆ ಆಕೆಯ ನಾಲಿಗೆ ತೊಡರಬಾರದು, ಅಷ್ಟೇ ಅವಳ ಲೆಕ್ಕ. ಹೊಸಪೇಟೆಗೂ ಬುಕ್ಕಸಾಗರಕ್ಕೂ ಕಂಪ್ಲಿ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಇಪ್ಪತ್ತೆರಡು ವರ್ಷವಾಯಿತು, ಯಾರೂ ಕರೆಯಲಿಲ್ಲ, ಅವಳೂ ಬಸ್ ಹತ್ತಲಿಲ್ಲ. ಕರೆಯದ ಮನೆಗೆ ಹೋಗಲಾರೆ ಎಂಬ ಹಟ. ಆ ಹಟ ಅವಳ ಅಪ್ಪನದೇ.

ಅಂಗಡಿಯಲ್ಲಿ ಬಿಡುವಾದಾಗ ಅವಳು ತನ್ನದನ್ನು ಬರೆದಳು. ಮೊದಲು ಪದ್ಯ. ಕಂಪ್ಲಿಯ ಒಂದು ಕವಿಗೋಷ್ಠಿಗೆ ಕರೆದರು. ನಿರೂಪಕ ಅವಳನ್ನು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಉದಯೋನ್ಮುಖ ಪ್ರತಿಭೆ ಎಂದು ಎಷ್ಟು ಹೊತ್ತು ಪರಿಚಯಿಸಿದ ಎಂದರೆ ಪದ್ಯ ಅದಕ್ಕಿಂತ ಚಿಕ್ಕದಾಗಿತ್ತು. ಆಮೇಲೆ ಆತ್ಮಕಥೆ ಬರೆದಳು. ಬೇರೆಯವರು ಅವಳ ಕಥೆ ಹೇಳುವಾಗ ಬಂದ ಎನ್ನಬೇಕೋ ಬಂದಳು ಎನ್ನಬೇಕೋ ಎಂದು ತಡವರಿಸುತ್ತಾರೆ. ತಾನೇ ಹೇಳಿಕೊಂಡರೆ ಆ ರಗಳೆಯೇ ಇಲ್ಲ. ನಾನು ಬಂದೆ, ನಾನು ಹೋದೆ, ನಾನು ಅತ್ತೆ. ಕನ್ನಡ ಅಲ್ಲಿ ಏನೂ ಕೇಳುವುದಿಲ್ಲ. ನಾಲ್ಕು ವರ್ಷ ಬರೆದಳು. ಬಳ್ಳಾರಿಯ ಕನಕರಾಜ್ ಎಂಬ ಪ್ರಕಾಶಕರು ಅಚ್ಚಿಗೆ ತೆಗೆದುಕೊಂಡರು. ಊರಿನ ಹೆಸರನ್ನಾಗಲಿ ಅಣ್ಣನ ಹೆಸರನ್ನಾಗಲಿ ಅವಳು ಅದರಲ್ಲಿ ಹಾಕಿರಲಿಲ್ಲ. ಪುಸ್ತಕಕ್ಕೆ ಇಟ್ಟ ಹೆಸರು 'ಕರೆಯದ ಮನೆ'. ಹಸ್ತಪ್ರತಿ ಓದಿದವರೆಲ್ಲ ಅವ್ವನ ಅಧ್ಯಾಯ ಭಾಳ ಚೆನ್ನಾಗಿದೆ ಎಂದರು. ಅಪ್ಪ ಹೊಡೆದ, ಅಣ್ಣ ಹೊಡೆದ, ಅದನ್ನು ಅವಳು ಹೇಗೋ ನುಂಗಿದ್ದಳು. ಕರೆಯದಿದ್ದ ಅವ್ವನನ್ನು ಮಾತ್ರ ಅವಳು ಆ ಹದಿನೆಂಟು ಪುಟಗಳಲ್ಲಿ ಬಿಟ್ಟಿರಲಿಲ್ಲ.

ಹೋದ ಕಾರ್ತೀಕದ ಒಂದು ಬುಧವಾರ. ಮನೋಹರ್ ಬೆಳಿಗ್ಗೆಯೇ ಬ್ಯಾನರ್ ಕಟ್ಟಿಸಲು ಸಂಡೂರಿಗೆ ಹೋಗಿದ್ದ. ಹೋಗುವಾಗ, ತಿಥಿಯದೊಂದು ಆರ್ಡರ್ ಬಂದೈತಿ, ಫೋಟೋ ಕಳ್ಸೀನಿ, ಹುಡುಗಿಯೊಬ್ಬಳು ಹೆಸರು ತರ್ತಾಳ, ಪದ್ಯ ಹಾಕಿ ಕೊಟ್ಟುಬಿಡು ಎಂದಿದ್ದ. ಪಂಪಾವತಿ ಫೋಟೋ ತೆರೆದಳು. ಮದುವೆ ಮನೆಯಲ್ಲಿ ತೆಗೆದ ಗುಂಪಿನ ಫೋಟೋ. ಒಬ್ಬ ಮುದುಕಿಯ ಸುತ್ತ ಕೆಂಪು ಗೆರೆ ಎಳೆದು ಇವರದು ಎಂದು ಗುರುತು ಹಾಕಿದ್ದರು.

ಗೆರೆ ಎಳೆಯುವ ಅಗತ್ಯವಿರಲಿಲ್ಲ. ತಿಪ್ಪಕ್ಕನ ಮೂಗು, ತಿಪ್ಪಕ್ಕನ ಹಣೆ.

ಅವಳು ಕೂಗಲಿಲ್ಲ. ಮೊದಲು ಫೋಟೋದ ಜೊತೆ ಬರೆದು ಕಳಿಸಿದ್ದ ತಾರೀಕು ನೋಡಿದಳು. ಸತ್ತು ಎಂಟು ದಿನವಾಗಿತ್ತು. ಮಣ್ಣು ಮಾಡಿ ಎಂಟು ದಿನ, ಅರ್ಧ ಗಂಟೆಯ ದಾರಿಯಿಂದ ಒಂದು ಮಾತು ಬಂದಿಲ್ಲ. ಆ ಎಂಟು ದಿನಗಳಲ್ಲಿ ತಾನು ಏನೇನು ತಿಂದೆ, ಯಾವ ಯಾವ ಮಾತಿಗೆ ನಕ್ಕೆ ಎಂದೆಲ್ಲ ನೆನಪಾಗಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ, ಬೇರೇನು ಮಾಡುವುದೆಂದು ತೋಚದೆ, ಕೆಲಸ ಶುರು ಮಾಡಿದಳು. ಗುಂಪಿನಿಂದ ಅವ್ವನನ್ನು ಬಿಡಿಸಬೇಕು. ಚಿತ್ರವನ್ನು ದೊಡ್ಡದು ಮಾಡಿ, ಮೌಸ್ ಹಿಡಿದು, ಕಿವಿಯ ಅಂಚಿನಲ್ಲಿ, ನರೆಗೂದಲಿನ ಅಂಚಿನಲ್ಲಿ, ಸೆರಗಿನ ಅಂಚಿನಲ್ಲಿ ಮೆಲ್ಲಗೆ ಬಂದಳು. ಇಪ್ಪತ್ತೆರಡು ವರ್ಷದಲ್ಲಿ ಅವ್ವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೆನ್ನೆಯ ಮೇಲಿನ ಸುಕ್ಕುಗಳನ್ನು ಅಳಿಸಿ ನುಣುಪು ಮಾಡುವುದು ಅಂಗಡಿಯ ಪದ್ಧತಿ. ಅಳಿಸಲಿಲ್ಲ.

ಹನ್ನೊಂದರ ಹೊತ್ತಿಗೆ ಹುಡುಗಿ ಬಂದಳು. ಹಲಗೆಯ ಮರೆಯಲ್ಲಿ ಕುಳಿತವಳನ್ನು ಕಂಡು ಒಂದು ಗಳಿಗೆ ತಡೆದಳು. ಆಮೇಲೆ, "ಅಕ್ಕಾರ, ಬುಕ್ಕಸಾಗರದ್ದು ಐತಲ್ರಿ, ನಮ್ಮಜ್ಜೀದು, ರೆಡಿ ಐತೇನ್ರಿ?" ಎಂದಳು.

"ಕುಂದ್ರಬೇ. ನಿನ್ನ ಹೆಸ್ರೇನು?"

"ಕಾವ್ಯ ರೀ. ಜಂಬಯ್ಯನ ಮಗಳು."

ಹೆಸರು ಕೇಳಿ ಪಂಪಾವತಿಗೆ ನಗು ಬರಬೇಕಿತ್ತು. ಕುರಿ ಕತ್ತರಿ ಹಿಡಿದವನು ಮಗಳಿಗೆ ಕಾವ್ಯ ಎಂದು ಇಟ್ಟಿದ್ದಾನೆ. ನಗು ಬರಲಿಲ್ಲ. ಹುಡುಗಿಗೆ ಇಪ್ಪತ್ತು ಇರಬಹುದು, ತಾನು ಮನೆ ಬಿಟ್ಟ ಮೇಲೆ ಹುಟ್ಟಿದ್ದು. ಅವ್ವನನ್ನೇ ಅಚ್ಚು ಹೊಯ್ದ ಹಾಗಿದ್ದಳು.

"ಅಜ್ಜಿ ಹೆಂಗ ಹೋದ್ರು?" ಎಂದು ಪಂಪಾವತಿ ಕೇಳಿದಳು. "ಪದ್ಯ ಬರೀಬೇಕಲ್ಲ, ಅದ್ಕ."

ಕಾವ್ಯ ಉತ್ಸಾಹದಿಂದಲೇ ಹೇಳಿದಳು. ಪುಣ್ಯದ ಸಾವು ಎಂದು ಊರೆಲ್ಲ ಮಾತಾಡುತ್ತಿದೆಯಂತೆ. "ಮೂರು ದಿನ ರೀ ಅಕ್ಕ, ಬಾಯಾಗ ಒಂದ ಮಾತು. ಪಂಪಾ, ಪಂಪಾ. ಬ್ಯಾರೆ ಏನೂ ಇಲ್ಲ. ಬಾಜೂಮನಿ ಮರುಳಸಿದ್ದಮ್ಮಜ್ಜಿ ಕೇಳಿ, ತಿಪ್ಪಕ್ಕ ಹಂಪಿ ಪಂಪಾದೇವಿನ್ನ ನೆನಸಾಕತ್ಯಾಳ, ಪುಣ್ಯಾತ್ಗಿತ್ತಿ ಅಂದ್ಲು. ಮಂದಿ ಬಂದು ಕಾಲು ಮುಟ್ಟಿ ಹೋದ್ರು ನೋಡ್ರಿ! ಅಜ್ಜಿ ಕರೀರಿ, ಕರೀರಿ ಅಂತಿದ್ಲು. ಅದ್ಕ ಭಜನಿಯವರ್ನ ಕರಸಿದ್ವಿ. ದೇವಿ ಫೋಟೋ ತಂದು ಎದ್ರಿಗೆ ಇಟ್ವಿ. ಹಂಪಿಗೆ ಗಾಡಿ ಕಳಿಸಿ ತೀರ್ಥ ತರಿಸಿದ್ವಿ."

"ಕುಡದ್ರಾ?"

"ಇಲ್ರಿ, ಉಗುಳಿಬಿಟ್ಲು. ಶಕ್ತಿ ಇರ್ಲಿಲ್ಲ ಅನಸ್ತೈತಿ. ಭಜನಿ ಜೋರು ನಡದಿತ್ತು, ಅದ್ರಾಗ ಏನೋ ಅಂದ್ಲು, ಯಾರಿಗೂ ತಿಳೀಲಿಲ್ಲ."

ಪಂಪಾವತಿಗೆ ಕಣ್ಣಿಗೆ ಕಟ್ಟಿತು. ಮುದುಕಿ ಮಗಳನ್ನು ಕೇಳುತ್ತಾಳೆ, ದೇವಿಯ ಫೋಟೋ ತರುತ್ತಾರೆ. ಕರೆಯಿರಿ ಎನ್ನುತ್ತಾಳೆ, ತಾಳ ತಟ್ಟುವವರನ್ನು ಕರೆಯುತ್ತಾರೆ. ಮತ್ತೆ ಕೇಳುತ್ತಾಳೆ, ಬಾಯಿಗೆ ನೀರು ಹೊಯ್ಯುತ್ತಾರೆ. ಮರುಳಸಿದ್ದಮ್ಮನಿಗೆ ತಿಳಿಯಲಿಲ್ಲವೇ? ಪಕ್ಕದ ಮನೆಯ ಆ ಹೆಂಗಸು ಪಂಪಾ ಎಂಬ ಕೂಗನ್ನು ಹತ್ತೊಂಬತ್ತು ವರ್ಷ ಬೇಲಿಯಾಚೆ ಕೇಳಿದವಳು. ಊರ ಹಿರಿಯರಿಗೆಲ್ಲ ತಿಳಿದೇ ಇರುತ್ತದೆ. ಆದರೆ ತಿಳಿಯದವರ ಹಾಗೆ ಇರುವುದರಲ್ಲಿ ಊರು ಮಹಾ ಜಾಣ, ಅದರಲ್ಲೂ ದೇವರ ಹೆಸರು ಅಡ್ಡ ಸಿಕ್ಕರೆ ಕೇಳುವುದೇ ಬೇಡ. ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನ ಕೆಳಗೆ, ನಾಚಿಕೆಯಿಲ್ಲದೆ, ಒಂದು ಸಂತೋಷವೂ ಇತ್ತು. ಅವ್ವ ಕರೆದಿದ್ದಾಳೆ.

ಅವಳು ಕಂಪ್ಯೂಟರಿಗೆ ತಿರುಗಿ ಎರಡು ಸಾಲು ಹೊಡೆದಳು.

ಮೂರು ಹಗಲು ಕರೆದೆ ಪಂಪಾ ಪಂಪಾ ಎಂದು,
ತಾಯೇ, ಯಾರೂ ಹೇಳಲಿಲ್ಲ ಅವಳಿಗೆ ಹೋಗು ಎಂದು.

ಕಾವ್ಯ ಪರದೆಗೆ ಬಾಗಿ ಓದಿದಳು. ಹುಬ್ಬು ಗಂಟಾಯಿತು. "ಇದು ಹೊಂದಂಗಿಲ್ರಿ ಅಕ್ಕ. ದೇವಿಗೆ ಯಾರ್ ಹೇಳ್ಬೇಕ್ರಿ? ಆಕಿಗೆ ತಾನ ಗೊತ್ತಾಗ್ತೈತಿ. ಬಂದು ಕರಕೊಂಡು ಹೋದ್ಲು ಅಂತ ಮಾಡ್ರಿ."

ಗಿರಾಕಿ ಕೇಳಿದ್ದನ್ನು ಮಾಡಿಕೊಡುವುದು ಕಸುಬು. ಎರಡನೆಯ ಸಾಲನ್ನು ಅಳಿಸಿ, ಕೈ ಹಿಡಿದು ಕರೆದೊಯ್ದಳು ತಾಯಿ ತಾನೇ ಬಂದು, ಎಂದು ಮಾಡಿದಳು. ಚೆಂದ ಆತು ಎಂದಳು ಕಾವ್ಯ. ಪ್ರಾಸ ಮೊದಲಿಗಿಂತ ಚೆನ್ನಾಗಿ ಕೂತಿತ್ತು ಎಂಬುದು ನಿಜ.

ಆಮೇಲೆ ಹೆಸರುಗಳ ಚೀಟಿ. ಜಂಬಯ್ಯನ ಕೈಬರಹ, ಒತ್ತಿ ಒತ್ತಿ ಬರೆದ ದಪ್ಪ ಅಕ್ಷರ. ಮಕ್ಕಳು ಎಂದು ಬರೆದು, ಅದರ ಕೆಳಗೆ ಜಂಬಯ್ಯ, ಅದರ ಕೆಳಗೆ ಪಂಪೇಶ್. ಪಂಪಾವತಿ ಆ ಸಾಲನ್ನು ಎರಡು ಸಲ ಓದಿದಳು. ಅಣ್ಣ ಬಿಟ್ಟಿಲ್ಲ. ಬಿಡಬಹುದಿತ್ತು, ಬಿಟ್ಟಿಲ್ಲ.

"ಅಯ್ಯ, ಅಪ್ಪ ಮರ್ತಾನ," ಎಂದಳು ಕಾವ್ಯ. "ಅದ್ರ ಹಿಂದ ದಿ. ಹಾಕ್ರಿ. ನಮ್ ಚಿಕ್ಕಪ್ಪ ರೀ ಅವ್ರು. ನಾನು ಹುಟ್ಟೋಕಿಂತ ಮೊದ್ಲ ಹೊಳಿಗೆ ಈಸಾಕ ಹೋಗಿ ತೀರಿಕೊಂಡ್ರಂತ."

"ಮರ್ತಿರ್ಲಿಕ್ಕಿಲ್ಲ," ಎಂದಳು ಪಂಪಾವತಿ. ದನಿ ಗಡಸಾಗಿಬಿಟ್ಟಿತು. "ನಿಮ್ಮಪ್ಪನ್ನ ಕೇಳು. ದಿವಂಗತ ಅಂತ ನನ್ನ ಕೈಲೆ ನಾನ ಹಾಕಂಗಿಲ್ಲ. ನಾಳೆ ತಪ್ಪಾತು ಅಂತ ಬಂದು ಜಗಳಾಡಬಾರ್ದು."

ಕಾವ್ಯ ಫೋನ್ ಹಚ್ಚಿದಳು. ಆಚೆ ಕಡೆ ಟ್ರ್ಯಾಕ್ಟರಿನ ಸದ್ದು. "ಅಪ್ಪಾ, ಚಿಕ್ಕಪ್ಪನ ಹೆಸ್ರಿಗೆ ದಿ. ಹಾಕಿಲ್ಲಲ್ಲ ನೀನು? ಹಾಕ್ಬೇಕಲ್ಲ? ಕೇಳ್ತೈತಾ? ತಡಿ, ಟೈಪ್ ಮಾಡೋ ಅಕ್ಕಗ ಕೊಡ್ತೀನಿ, ಆಕಿಗೇ ಹೇಳು."

ಪಂಪಾವತಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಒಂದು ಮಾತು ಸಾಕಿತ್ತು. ಎದುರಿಗೆ ಕುಳಿತ ಹುಡುಗಿಗೆ ಕೇಳುವ ಹಾಗೆ, ಅಣ್ಣಾ ನಾನು ಎಂದರೆ ಮುಗಿಯಿತು, ಹೊಳೆಯಲ್ಲಿ ಸತ್ತವಳು ಎದ್ದು ಕೂರುತ್ತಿದ್ದಳು. ಆದರೆ ಬಾಯಿಂದ ಬಂದದ್ದು ಅಂಗಡಿಯ ಮಾತು.

"ಹೇಳ್ರಿ ಯಜಮಾನ್ರ. ಪಂಪೇಶ್ ಅನ್ನೋರು ಅದಾರೋ, ಇಲ್ಲೋ?"

ಟ್ರ್ಯಾಕ್ಟರಿನ ಸದ್ದು ದೂರವಾಯಿತು. ಅವನು ಎದ್ದು ಆಚೆ ನಡೆದಿರಬೇಕು. ಆಮೇಲೆ, "ಪಂಪಾ," ಎಂದ.

ಅವಳು ಹೂಂ ಎಂದಳು.

"ಹುಡಿಗಿ ಎದ್ರಿಗೇ ಅದಾಳೇನು?"

"ಅದಾಳ."

"ಆಕಿಗೆ ಏನೂ ಗೊತ್ತಿಲ್ಲ. ತಿಥಿ ಕಳದ ಮ್ಯಾಲೆ ನಿಶ್ಚಯ ಐತಿ ಆಕೀದು. ಬರಿಯಾಕ ಕುಂತಾಗ ದಿ. ಅಂತ ಬರಿಯಾಕ ಕೈ ಏಳಲಿಲ್ಲ ನನಗ. ನೀನ ಹಾಕಿಬಿಡು, ಪಂಪಾ. ಕೈ ಮುಗೀತೀನಿ."

ತನಗೆ ಏಳದ ಕೈಯನ್ನು ಅವಳಿಂದ ಎತ್ತಿಸುತ್ತಿದ್ದಾನೆ. ಅದನ್ನು ಅವಳಿಗೆ ಹೇಳುವಾಗ ಅವ್ವ ಕರೆಯುತ್ತಿದ್ದ ಹೆಸರನ್ನೇ ಹಿಡಿದು ಕರೆಯುತ್ತಿದ್ದಾನೆ. ಇಂಥವನನ್ನು ಬಯ್ಯುವುದಾದರೂ ಹೇಗೆ?

"ಪದ್ಯಕ್ಕ ಬೇಕಾಗಿತ್ರಿ," ಎಂದಳು ಪಂಪಾವತಿ, ಕಾವ್ಯಳ ಕಡೆ ನೋಡದೆ. "ತಾಯಾರು ಕಡೀಕ ಕರದದ್ದು ಯಾರ್ನ?"

"ನಿನ್ನ," ಎಂದ ಜಂಬಯ್ಯ. ಅವನ ದನಿ ಒಡೆಯಿತು. "ತೀರ್ಥ ಬಾಯಿಗಿ ಹಾಕಿದ್ರ ಉಗುಳಿದ್ಲು. ಈ ಪಂಪಾ ಅಲ್ಲೋ, ನನ್ನ ಪಂಪಾ ಅಂದ್ಲು. ತಲಿ ಹಿಡಕೊಂಡು ಕುಂತಿದ್ದೆ, ನನಗೊಬ್ಬಗ ಕೇಳಿಸ್ತು. ಮನಿ ತುಂಬ ಮಂದಿ ಇದ್ರು. ಏನ್ ಮಾಡ್ಲಿ ಹೇಳು?"

ಏನು ಮಾಡಬಹುದಿತ್ತು ಎಂದು ಹೇಳಲು ಅವಳು ಬಾಯಿ ತೆರೆದಳು. ಅಂಗಡಿಯ ನಂಬರು ಊರೂರಿನ ಬ್ಯಾನರಿನ ಕೆಳಗೆ ಇದೆ. ಅವಳು ಎಲ್ಲಿದ್ದಾಳೆಂದು ಅವನಿಗೆ ಗೊತ್ತಿತ್ತು, ಇಲ್ಲದಿದ್ದರೆ ಎಂಟು ಅಂಗಡಿ ಬಿಟ್ಟು ಈ ಅಂಗಡಿಗೇ ಮಗಳನ್ನು ಕಳಿಸುತ್ತಿರಲಿಲ್ಲ. ಆದರೆ ಎದುರಿಗೆ ಅವ್ವನ ಮೂಗಿನ ಹುಡುಗಿ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದಳು. "ಆತ್ರಿ," ಎಂದು ಫೋನ್ ಕೊಟ್ಟಳು.

ದಿ ಹೊಡೆದಳು. ಚುಕ್ಕೆ ಹೊಡೆದಳು. ಪಂಪೇಶ್ ಎಂಬ ಹೆಸರನ್ನು ಅವಳೇ ಎಂದೋ ಬಿಟ್ಟಿದ್ದಳು, ಅದು ಸತ್ತರೆ ಅವಳಿಗೇನು ಎಂದು ನೀವು ಕೇಳಬಹುದು. ಆ ಮನೆಯಲ್ಲಿ ಅವಳಿಗೆ ಇದ್ದದ್ದು ಅದೊಂದೇ ಹೆಸರು. ಅಲ್ಲಿ ಪಂಪಾವತಿ ಹುಟ್ಟಿಯೇ ಇಲ್ಲ.

ಮಷೀನು ಗುರುಗುಟ್ಟುತ್ತ ಅವ್ವನನ್ನು ಹಣೆಯಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಸಿತು. ಕಾವ್ಯ ಬ್ಯಾನರ್ ಸುತ್ತಿಕೊಂಡು ಎದ್ದಳು. "ಭಾಳ ಚೆಂದ ಬರೀತೀರಿ ಅಕ್ಕ. ನಿಮ್ಮ ಹೆಸ್ರೇನ್ರಿ?"

"ಕೆಳಗ ಅಂಗಡಿ ಹೆಸ್ರು ಐತಲ್ಲ, ಅದ," ಎಂದಳು ಪಂಪಾವತಿ. ಹುಡುಗಿ ನಕ್ಕು ಹೋದಳು. ಅವಳು ಮರೆಯಾದ ಮೇಲೆ ಪಂಪಾವತಿ ಹಲಗೆಗೆ ತಲೆ ಹಚ್ಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಹೀಗೆ ಒತ್ತಿಕೊಂಡರೆ ಯಾರನ್ನೂ ಕರೆಯಲು ಆಗುವುದಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

ಮಧ್ಯಾಹ್ನ ಬಳ್ಳಾರಿಗೆ ಫೋನ್ ಮಾಡಿದಳು. ಕನಕರಾಜರು ಒಳ್ಳೆಯವರು, ಅವಳನ್ನು ಎಂದೂ ಏಕವಚನದಲ್ಲಿ ಮಾತಾಡಿಸಿದವರಲ್ಲ. "ಸಾರ್, ಪುಸ್ತಕ ನಿಲ್ಲಸ್ರಿ. ಅವ್ವನ ಅಧ್ಯಾಯ ಸುಳ್ಳು ಐತಿ," ಎಂದಳು. ನಡೆದದ್ದನ್ನು ಹೇಳಿದಳು.

ಅವರು ಮರುಗಿದರು. ಆಮೇಲೆ ಮೆಲ್ಲಗೆ, "ಪಂಪಾವತಿಯವ್ರ, ಪುಸ್ತಕ ಅಚ್ಚಾಗಿ ಹೊಲಿಗಿ ಹಾಕಾಕತ್ಯಾರ. ಭಾನುವಾರ ಬಿಡುಗಡೆ. ಈಗ ಏನ್ ಮಾಡಾಕ ಬರ್ತೈತಿ ಹೇಳ್ರಿ? ಅಲ್ಲದ ಆ ಅಧ್ಯಾಯನ ಪುಸ್ತಕದ ಜೀವ. ಓದಿದವ್ರು ಅಳ್ತಾರ. ನೀವು ಬರದಾಗ ಅದು ಖರೇನ ಇತ್ತಲ್ಲ?" ಎಂದರು.

"ಇತ್ರಿ. ಈಗಿಲ್ಲ."

"ಎರಡನೇ ಮುದ್ರಣದಾಗ ನೋಡೋಣು."

ಇಂಥ ಪುಸ್ತಕಗಳಿಗೆ ಎರಡನೆಯ ಮುದ್ರಣ ಎಷ್ಟು ಸಲ ಬರುತ್ತದೆ ಎಂದು ಅಚ್ಚಿನ ಮನೆಯಲ್ಲೇ ಹದಿಮೂರು ವರ್ಷ ಕಳೆದವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅವಳು ಫೋನ್ ಇಡಲಿಲ್ಲ. ಕೊನೆಗೆ ಅವರೇ, ಬೇಕಾದರೆ ಒಂದು ತಪ್ಪೊಪ್ಪೋಲೆ ಮಾಡಿ ಕಳಿಸಿ, ಅಂಗೈಯಷ್ಟು ಚೀಟಿ, ಮೊದಲ ಪುಟಕ್ಕೆ ಅಂಟಿಸುತ್ತೇವೆ, ಉದ್ದ ಮಾಡಬೇಡಿ ಎಂದರು. ಅಚ್ಚಿನಲ್ಲಿ ಅಕ್ಷರ ತಪ್ಪಿದ್ದಕ್ಕೆ ಹಚ್ಚುವ ಚೀಟಿ ಅದು. ಇಂಥ ಪುಟ, ಇಂಥ ಸಾಲು, ತಪ್ಪು ಇದು, ಒಪ್ಪು ಇದು, ಅಷ್ಟೇ ಅದರ ನಮೂನೆ.

ಸಂಜೆಯವರೆಗೆ ಅವಳು ಬರೆದಳು, ಅಳಿಸಿದಳು. ಭಜನೆಯವರನ್ನು, ತೀರ್ಥವನ್ನು, ಟ್ರ್ಯಾಕ್ಟರಿನಿಂದ ಆಚೆ ನಡೆದು ಅಳುತ್ತಿದ್ದ ಅಣ್ಣನನ್ನು, ಅರ್ಧ ಗಂಟೆಯ ಬಸ್ಸಿನ ದಾರಿಯನ್ನು ಎಲ್ಲವನ್ನೂ ಹೇಳಬೇಕೆಂದಿತ್ತು. ಚೀಟಿಯಲ್ಲಿ ಯಾವುದಕ್ಕೂ ಜಾಗವಿರಲಿಲ್ಲ. ಕಳಿಸಿದ ಮೇಲೆ ಕನಕರಾಜರೇ ಫೋನ್ ಮಾಡಿ, "ಹಿಂಗ ಹಾಕಿದ್ರ ತಪ್ಪೆಲ್ಲಾ ನಿಮ್ಮದ ಅಂತ ಆಗ್ತೈತಲ್ರಿ," ಎಂದರು. "ಇರ್ಲಿ ಬಿಡ್ರಿ ಸಾರ್," ಎಂದಳು. ಭಾನುವಾರ ಹೊಸಪೇಟೆಯಲ್ಲಿ ಬಿಡುಗಡೆಯಾದ ಅಷ್ಟೂ ಪ್ರತಿಗಳಲ್ಲಿ ಆ ಚೀಟಿ ಇತ್ತು.

ಪುಟ ೪೩, ಸಾಲು ೬.
ತಪ್ಪು: ಅವ್ವ ಕರೆಯಲಿಲ್ಲ.
ಒಪ್ಪು: ಅವ್ವ ಕರೆದಳು. ನಾನು ಹೋಗಲಿಲ್ಲ.